ಎಂಟು ಬೆರಳಿನವರ ಲೆಕ್ಕ: ‘ಅವತಾರ್’ ಸಿನಿಮಾದ ನಾವಿ ಭಾಷೆ

‘ಅವತಾರ್’ ಸಿನಿಮಾ ನೋಡಿದವರಿಗೆ ಒಂದು ಪ್ರಶ್ನೆ. ಪಂಡೋರಾದ ಆ ನೀಲಿ ಮೈಯ ಜನರ ಒಂದೊಂದು ಕೈಗೆ ಎಷ್ಟು ಬೆರಳು, ಗಮನಿಸಿದ್ದೀರಾ? ನಾಲ್ಕೇ ನಾಲ್ಕು. ಎರಡೂ ಕೈ ಸೇರಿದ್ರೆ ಎಂಟು. ನಾಯಕ ಜೇಕ್‌ನ ಅವತಾರಕ್ಕೆ ಮಾತ್ರ ಐದು, ಯಾಕಂದ್ರೆ ಆ ದೇಹದಲ್ಲಿ ಮನುಷ್ಯರ ಅಂಶ ಬೆರೆತಿದೆ. ಈ ಒಂದು ಬೆರಳಿನ ವ್ಯತ್ಯಾಸ ಒಂದಿಡೀ ಭಾಷೆಯ ಲೆಕ್ಕವನ್ನೇ ಬದಲಾಯಿಸಿದೆ. ಇವತ್ತಿನ ಮಾತು ಅದರ ಬಗ್ಗೆ.

ಆ ಜನರ ಹೆಸರು ನಾವಿ, ಅವರ ಭಾಷೆಯ ಹೆಸರೂ ಅದೇ. ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಹತ್ತಿರ ಮೊದಲು ಇದ್ದದ್ದು ಸುಮಾರು 30 ಪದ. ಅಷ್ಟನ್ನಿಟ್ಟುಕೊಂಡು ಪೂರ್ತಿ ಭಾಷೆ ಕಟ್ಟಿದವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಪಾಲ್ ಫ್ರಾಮರ್. ಕೆಲಸ ಶುರುವಾದದ್ದು 2005ರಲ್ಲಿ, ಸಿನಿಮಾ ಬಂದದ್ದು 2009ರಲ್ಲಿ.

ಮೊದಲು ಎಣಿಸೋಣ. ಅವ್, ಮುನೆ, ಪೆಯ್, ತ್ಸಿಂಗ್, ಮ್‌ರ್ರ್, ಪುಕಾಪ್, ಕಿನ, ವೋಲ್. ಐದಕ್ಕೆ ಇರೋ ಆ ‘ಮ್‌ರ್ರ್’ ನೋಡಿ ಹೆದರಬೇಡಿ, ‘ಮೃ’ದಲ್ಲಿರೋ ಋಕಾರವನ್ನು ನಾಲಿಗೆ ನಡುಗಿಸಿ ಎಳೆದರೆ ಆಯ್ತು. ವೋಲ್ ಅಂದ್ರೆ ಎಂಟು. ಇಲ್ಲಿಗೆ ಬೆರಳು ಮುಗೀತು, ಹಾಗಾಗಿ ನಮಗೆ ಹತ್ತು ಹೇಗೋ ಅವರಿಗೆ ಎಂಟು ಹಾಗೆ. ಒಂಬತ್ತು ಅನ್ನೋಕೆ ವೋಲಾವ್, ಅಂದ್ರೆ ಎಂಟು ಮತ್ತು ಒಂದು. 16 ಅಂದ್ರೆ ಮೆವೋಲ್, ಎರಡು ಎಂಟು. ನಮ್ಮ ನೂರರ ಜಾಗದಲ್ಲಿ ಜಾಮ್, ಅದು ಎಂಟೆಂಟ್ಲ 64. ಸಾವಿರದ ಜಾಗದಲ್ಲಿ ವೋಜಾಮ್, 512. ನಿಮಗೀಗ 25 ವರ್ಷ ಅಂದುಕೊಳ್ಳಿ. ಅದರಲ್ಲಿ ಮೂರು ಎಂಟು, ಮೇಲೊಂದು. ಎಂಟರ ಲೆಕ್ಕದಲ್ಲಿ ಬರೆದರೆ 31!

ಇದು ಬರೀ ಸಿನಿಮಾದ ಕಲ್ಪನೆ ಅಂತ ತಳ್ಳಿಹಾಕೋ ಹಾಗಿಲ್ಲ. ಕ್ಯಾಲಿಫೋರ್ನಿಯಾದ ಯೂಕಿ ಎಂಬ ಮೂಲನಿವಾಸಿಗಳು ನಿಜವಾಗಿಯೂ ಎಂಟರಲ್ಲೇ ಎಣಿಸ್ತಿದ್ರು. ಅವರಿಗೂ ನಮ್ಮಂತೆ ಹತ್ತು ಬೆರಳೇ, ಆದರೆ ಎಣಿಸ್ತಿದ್ದದ್ದು ಬೆರಳುಗಳ ನಡುವಿನ ಸಂದುಗಳನ್ನ. ಲಿನಕ್ಸ್‌ನಲ್ಲಿ ಫೈಲ್ ಪರ್ಮಿಷನ್‌ಗೆ 755 ಅಂತ ಟೈಪ್ ಮಾಡೋ ಸಾಫ್ಟ್‌ವೇರ್ ಗೆಳೆಯರು ದಿನಾ ಬಳಸೋದು ಎಂಟರ ಲೆಕ್ಕವನ್ನೇ. ನಮ್ಮ ರೂಪಾಯಿ ಕೂಡ 1957ರವರೆಗೆ ಹತ್ತರ ಮಾತು ಕೇಳ್ತಿರಲಿಲ್ಲ, 16 ಆಣೆಗೆ ಒಂದು ರೂಪಾಯಿ. ಅಜ್ಜಿ ‘ಹದಿನಾರಾಣೆ ಸತ್ಯ’ ಅಂದ್ರೆ ನೂರಕ್ಕೆ ನೂರು ಅಂತ ಅರ್ಥ.

ಈಗ ವ್ಯಾಕರಣ. ನನಗೆ ತುಂಬಾ ಇಷ್ಟವಾದದ್ದು ಅವರ ಕ್ರಿಯಾಪದ. ಕನ್ನಡದಲ್ಲಿ ಕಾಲವನ್ನು ಧಾತುವಿನ ಹಿಂದೆ ಅಂಟಿಸ್ತೀವಿ. ನಾವಿಯಲ್ಲಿ ಪದದ ಹೊಟ್ಟೆಯೊಳಗೇ ತುರುಕ್ತಾರೆ. ‘ತರೊನ್’ ಅಂದ್ರೆ ಬೇಟೆಯಾಡು. ‘ತಮರೊನ್’ ಅಂದ್ರೆ ಆಡಿದ್ದಾಯ್ತು, ‘ತಯರೊನ್’ ಅಂದ್ರೆ ಇನ್ನು ಮುಂದೆ. ಕಾಲ ಮಾತ್ರ ಅಲ್ಲ, ಮನಸ್ಸನ್ನೂ ಒಳಗೆ ಸೇರಿಸಬಹುದು. ‘ತರೇಯೊನ್’ ಅಂದ್ರೆ ಬೇಟೆಯಾಡ್ತಾನೆ, ಹೇಳುವವರಿಗೆ ಅದರಿಂದ ಖುಷಿ. ‘ತರ್ಯಾಂಗೊನ್’ ಅಂದ್ರೆ ಬೇಟೆಯಾಡ್ತಾನೆ, ಹೇಳುವವರಿಗೆ ಬೇಜಾರು. ನಾವು ‘ಬಂದ’ ಅನ್ನೋದಕ್ಕೂ ‘ಬಂದ್ಬಿಟ್ಟ’ ಅನ್ನೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ಹೆಚ್ಚುಕಡಿಮೆ ಅದೇ ಕೆಲಸ. ಸಿನಿಮಾದಲ್ಲಿ ‘ನಾನು ನಿನ್ನನ್ನು ಕಾಣುತ್ತೇನೆ’ ಅನ್ನೋ ಮಾತಿದೆಯಲ್ಲ, ‘ಓಎಲ್ ಙಾತಿ ಕಮೇಯೆ’, ಅದರ ಕೊನೇ ಪದದೊಳಗೂ ಆ ಖುಷಿಯ ತುಣುಕು ಕೂತಿದೆ. ‘ಓಎಲ್’ನ ಕೊನೆಯ ‘ಲ್’ ಮಾಡುವವರನ್ನು ತೋರಿಸುತ್ತೆ, ‘ಙಾತಿ’ಯ ‘ತಿ’ ನಮ್ಮ ‘ಅನ್ನು’ ಇದ್ದ ಹಾಗೆ. ಪ್ರತ್ಯಯ ಅಂಟಿರೋದ್ರಿಂದ ಪದಗಳನ್ನು ಹಿಂದೆಮುಂದೆ ಮಾಡಿದರೂ ಅರ್ಥ ಕೆಡಲ್ಲ, ಕನ್ನಡದಂತೆಯೇ.

ವಚನ ನಮಗೆ ಎರಡೇ. ನಾವಿಯಲ್ಲಿ ನಾಲ್ಕು: ಒಂದು, ಎರಡು, ಮೂರು, ಮತ್ತೆ ತುಂಬಾ. ‘ನಾವು’ ಅನ್ನೋದರಲ್ಲೂ ಎರಡು ಬಗೆ, ಎದುರಿಗಿರೋ ನಿಮ್ಮನ್ನು ಸೇರಿಸಿಕೊಂಡ ನಾವು, ಬಿಟ್ಟ ನಾವು. ಮಂಗಳೂರು ಕಡೆಯವರು ಇದಕ್ಕೆ ಆಶ್ಚರ್ಯಪಡಲ್ಲ. ತುಳುವಿನಲ್ಲಿ ‘ನಮ’, ‘ಎಂಕುಲು’ ಇದೆಯಲ್ಲ! ಇನ್ನೊಂದು ಹೋಲಿಕೆ, ಎಣಿಕೆ ಪದ ಬಂದ್ರೆ ನಾಮಪದಕ್ಕೆ ಬಹುವಚನ ಬೇಕಿಲ್ಲ. ನಾವೂ ‘ಐದು ಮರ’ ಅಂತೀವಿ.

ಈ ಭಾಷೆ ಕಲಿತವರು ಸಿನಿಮಾದ ಹೊರಗೂ ಇದ್ದಾರೆ. ಅದರಲ್ಲೇ ಬರೀತಾರೆ, ಹರಟೆ ಹೊಡೀತಾರೆ. ಆದರೆ ಅವರಿಗೆಲ್ಲ ಇರೋದು ಹತ್ತು ಬೆರಳು, ಅವರ ಫೋನ್ ನಂಬರಿನಲ್ಲಿ 8, 9 ಇರುತ್ತೆ. ಎಂಟರ ಲೆಕ್ಕದಲ್ಲಿ ಅಂಕಿ 7ಕ್ಕೇ ಮುಗಿಯುತ್ತೆ! ಹಾಗಾಗಿ ಆ ಎರಡು ಅಂಕಿಗೆ ಇಂಗ್ಲಿಷಿನಿಂದ ‘ಎಯ್ಟ್’, ‘ನಾಯ್ನ್’ ಅಂತ ಪದ ಸಾಲ ತಂದ್ರು. ಅವರಿಗೆ ಬೇರೆ ದಾರಿ ಇರಲಿಲ್ಲ.

ನಮ್ಮ ಹತ್ತಿರ ಎಂಟೂ ಇದೆ, ಒಂಬತ್ತೂ ಇದೆ. ಆದರೂ ನಂಬರ್ ಕೇಳಿದ್ರೆ ನಮ್ಮ ಬಾಯಲ್ಲಿ ಬರೋದು ‘ನೈನ್ ಎಯ್ಟ್ ಫೋರ್’. ಅಂಗಡಿಯವರು ‘ಎಪ್ಪತ್ತೊಂಬತ್ತು ರೂಪಾಯಿ’ ಅಂದ್ರೆ ‘ಸೆವೆಂಟಿ ನೈನಾ?’ ಅಂತ ವಾಪಸ್ ಕೇಳೋರನ್ನು ನೀವೂ ನೋಡಿರ್ತೀರಿ. ಇಲ್ಲದ ಊರಿನ ಲೆಕ್ಕವನ್ನು ಕೂತು ಬಾಯಿಪಾಠ ಮಾಡೋ ಜನರಿರುವಾಗ, ಇರೋ ಲೆಕ್ಕವನ್ನು ನಾವು ಇಷ್ಟು ಸುಲಭವಾಗಿ ಬಿಡ್ತಿದ್ದೀವಲ್ಲ ಅಂತ ನನಗೆ ಬೇಜಾರಾಗುತ್ತೆ. ನಾವಿಯವರ ಥರ ಹೇಳೋದಾದ್ರೆ ಆ ‘ಆಗುತ್ತೆ’ಯ ಹೊಟ್ಟೆಯೊಳಗೊಂದು ‘ಯಾಂಗ್’ ತುರುಕಬೇಕು.

ಅಂದಹಾಗೆ ಆ 79 ರೂಪಾಯಿ ಎಂಟರ ಲೆಕ್ಕದಲ್ಲಿ 117. ಒಂದು 64, ಒಂದು 8, ಉಳಿದದ್ದು 7. ನಿಮ್ಮ ವಯಸ್ಸು ಎಷ್ಟಾಗುತ್ತೆ, ನೀವೇ ಲೆಕ್ಕ ಹಾಕಿ. ಮುಂದಿನ ವಾರ ಸಿಗೋಣ.