ಹತ್ತಿಯ ಹುಳು, ಬಸ್ಸಿನ ಸೀಟು

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿಂದ ಬಂದ ವೈದ್ಯ ಮಿತ್ರರೇ,

ಮಸ್ಕಿಯಲ್ಲಿ ಮಾತಿಗೆ ನಿಂತವರು ಅಶೋಕನ ಶಾಸನದಿಂದ ಶುರುಮಾಡುವುದು ವಾಡಿಕೆ. ನಾನು ಹತ್ತಿ ಹೊಲದಿಂದ ಶುರುಮಾಡುತ್ತೇನೆ. 2002ರಲ್ಲಿ ದೇಶದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿತು, 2006ರಲ್ಲಿ ಎರಡು ಜೀನಿನ ಬೀಜ ಬಂತು. ಕೆಲವು ವರ್ಷ ನೆಮ್ಮದಿ. ಆಮೇಲೆ ಗುಲಾಬಿ ಕಾಯಿಕೊರಕ ಹುಳು ಎರಡೂ ಜೀನಿನ ವಿಷವನ್ನು ಅರಗಿಸಿಕೊಂಡಿತು. ವಿಷವೇನೂ ಹುಳುವಿಗೆ ಹೊಸ ವಿದ್ಯೆ ಕಲಿಸಲಿಲ್ಲ. ವಿಷ ತಾಗದ ಒಂದೆರಡು ಹುಳು ಗುಂಪಿನಲ್ಲಿದ್ದವು. ಉಳಿದವು ಸತ್ತ ಮೇಲೆ ಹೊಲವೆಲ್ಲ ಅವುಗಳ ಸಂತಾನದ್ದಾಯಿತು. ವಿಷ ತಾಗುವ ಹುಳುಗಳೂ ಉಳಿಯಲೆಂದು ಪೊಟ್ಟಣದ ಜೊತೆ ಕೊಟ್ಟ ಬಿ.ಟಿ. ಅಲ್ಲದ ಬೀಜವನ್ನು ಹೊಲದ ಸುತ್ತ ಬಿತ್ತಿದವರೆಷ್ಟು ಮಂದಿ ಎಂದು ಈ ಸಭೆಯಲ್ಲಿ ಕೇಳುವುದಿಲ್ಲ.

ಶ್ವಾಸಕೋಶದ ಕ್ಯಾನ್ಸರಿನ ಕಥೆಯೂ ಬಹುಪಾಲು ಇದೇ. ಅಮೆರಿಕದಲ್ಲಿ 2003ರಲ್ಲಿ ಗೆಫಿಟಿನಿಬ್ ಗುಳಿಗೆಗೆ ಒಪ್ಪಿಗೆ ಸಿಕ್ಕಿತು. ಅದು ಕೆಲವರಿಗೆ ಮಾತ್ರ ಏಕೆ ನಾಟುತ್ತದೆಂಬುದು ತಿಳಿದದ್ದು 2004ರಲ್ಲಿ: ಅವರ ಗಂಟಿನಲ್ಲಿ ಇಜಿಎಫ್‌ಆರ್ ಜೀನು ಬದಲಾಗಿತ್ತು. ಅಂಥವರಿಗೆ ಗುಳಿಗೆ ಕೊಟ್ಟರೆ ಎದ್ದು ಕೂರಲಾಗದವರು ಎದ್ದು ಓಡಾಡುತ್ತಾರೆ. ಹೆಚ್ಚುಕಡಿಮೆ ವರ್ಷದೊಳಗೆ ಕೆಮ್ಮು ಮರಳುತ್ತದೆ.

ಏಕೆ? ನಮ್ಮ ಬಸ್‌ ನಿಲ್ದಾಣಕ್ಕೆ ಬನ್ನಿ. ಗೆಫಿಟಿನಿಬ್ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಔಷಧ. ಇಜಿಎಫ್‌ಆರ್ ಪ್ರೋಟೀನಿನ ಆ ಸೀಟಿನಲ್ಲಿ ಕೂರಬೇಕಾದದ್ದು ಎಟಿಪಿ. 790ನೆಯ ಸ್ಥಾನದ ಥ್ರಿಯೊನಿನ್ ಹೋಗಿ ಮೆಥಿಯೊನಿನ್ ಬಂದರೆ, ಅಂದರೆ ಟಿ790ಎಂ ಆದರೆ, ಎಟಿಪಿಗೆ ಆ ಸೀಟಿನ ಸೆಳೆತ ಹೆಚ್ಚಿ, ಟವೆಲ್ ಸರಿಸಿ ಕೂತುಬಿಡುತ್ತದೆ. ಮೊದಲ ತಲೆಮಾರಿನ ಗುಳಿಗೆಗಳಿಗೆ ಬಗ್ಗದ ಗಂಟುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಹಿಡಿದ ದಾರಿ ಇದು, ಪತ್ತೆಯಾದದ್ದು 2005ರಲ್ಲಿ. 2015ರಲ್ಲಿ ಬಂದ ಒಸಿಮರ್ಟಿನಿಬ್ ಟವೆಲನ್ನು 797ನೆಯ ಸಿಸ್ಟೀನ್ ಎಂಬ ಸರಳಿಗೆ ಕಟ್ಟಿಹಾಕಿತು. ಕ್ಯಾನ್ಸರ್ ಸರಳನ್ನೇ ಕಿತ್ತಿತು: ಸಿ797ಎಸ್.

ಎಲ್ಲ ಗಂಟುಗಳೂ ಸೀಟಿಗಾಗಿ ಜಗಳವಾಡುವುದಿಲ್ಲ. ಎಡದಂಡೆ ಕಾಲುವೆಯ ಒಂದು ತೂಬು ಮುಚ್ಚಿದರೆ ಇನ್ನೊಂದು ಕಡೆ ನೀರು ನುಗ್ಗುವಂತೆ, ಮೆಟ್ ಎಂಬ ಬೇರೆ ಜೀನು ಹೆಚ್ಚಿಕೊಂಡು ಕೋಶವನ್ನು ಬೆಳೆಸುತ್ತದೆ. ಕೆಲವು ಗಂಟುಗಳು ಸ್ಮಾಲ್ ಸೆಲ್ ಕ್ಯಾನ್ಸರ್ ಆಗಿ ವೇಷವನ್ನೇ ಬದಲಿಸುತ್ತವೆ. ಹತ್ತಿಯ ಹೋಲಿಕೆಯೂ ಒಂದೆಡೆ ಕುಂಟುತ್ತದೆ: ಕೆಲವು ಕೋಶಗಳು ಮೊದಲು ನಿರೋಧವಿಲ್ಲದೆಯೇ ಸಾಯದೆ ಸುಮ್ಮನೆ ಮಲಗಿದ್ದು, ಆಮೇಲೆ ಮಾರ್ಪಾಡು ಪಡೆಯುತ್ತವೆ.

ಆದ್ದರಿಂದ 'ಗುಳಿಗೆ ಕೆಲಸ ಮಾಡುತ್ತಿಲ್ಲ' ಎಂಬ ಒಂದೇ ವಾಕ್ಯದ ಹಿಂದೆ ನಾಲ್ಕಾರು ಬೇರೆ ಬೇರೆ ರೋಗಗಳಿವೆ. ಮೊದಲ ಬಯಾಪ್ಸಿಯ ವರದಿ ಹಿಡಿದು ಎರಡನೆಯ ಔಷಧ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 350 ರೋಗಿಗಳಲ್ಲಿ ಗೆಫಿಟಿನಿಬ್ ಜೊತೆ ಮೊದಲಿನಿಂದಲೇ ಕೀಮೊಥೆರಪಿ ಕೊಟ್ಟು ನೋಡಿದರು. ರೋಗ ಹತೋಟಿಯಲ್ಲಿದ್ದ ಅವಧಿ 8 ತಿಂಗಳಿಂದ 16ಕ್ಕೆ ಏರಿತು; ಅಡ್ಡಪರಿಣಾಮಗಳೂ ಏರಿದವು, ಅದನ್ನು ಮರೆಮಾಚಬಾರದು.

ನಮ್ಮ ಕಡೆ ಎಕ್ಸ್‌ರೇಯ ನೆರಳು ಕಂಡರೆ ಮೊದಲು ನೆನಪಾಗುವುದು ಟಿಬಿ. ಹುಟ್ಟಿ ಗಣಿಯ ಧೂಳು, ಬೀಡಿ, ಒಲೆಯ ಹೊಗೆ ಆಮೇಲೆ. ಮರಳಿದ ಕೆಮ್ಮನ್ನು ಮೊದಲು ಕೇಳುವವರು ನೀವು. ಟಿ790ಎಂ ಹುಡುಕಲು ರಕ್ತದ ಮಾದರಿಯನ್ನಾದರೂ ಕಳಿಸಬಹುದು. ರಕ್ತದಲ್ಲಿ ಸಿಗದಿದ್ದರೆ ಅದು ಇಲ್ಲವೆಂದು ಅರ್ಥವಲ್ಲ, ಗಂಟಿಗೇ ಸೂಜಿ ಹಾಕಬೇಕಾಗುತ್ತದೆ. ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಬೆಂಗಳೂರಿಗೋ, ಯಾವ ಚೀಟಿ ಬರೆದು ರೋಗಿಯನ್ನು ಯಾವ ಬಸ್ಸಿಗೆ ಹತ್ತಿಸಬೇಕು? ಮೊದಲ ಗೋಷ್ಠಿ ಇಲ್ಲಿಂದ ಶುರುವಾಗಲಿ.