ಹಳೆಯ ಕಾರು, ಹೊಸ ಟೈರು: ಅಳತೆ ಎಲ್ಲಿಂದ ಶುರುವಾಗಬೇಕು?



ಈ ವಿಚಾರ ಸಂಕಿರಣದಲ್ಲಿ ಎಂಜಿನ್‌ಗೆ ಒಂದು ಗೋಷ್ಠಿ ಇದೆ, ಬಣ್ಣಕ್ಕೆ ಇದೆ, ವೈರಿಂಗ್‌ಗೆ ಇದೆ, ಆರ್‌ಟಿಒ ಕಾಗದಪತ್ರಕ್ಕೂ ಇದೆ. ಟೈರಿಗೆ ಪ್ರತ್ಯೇಕ ಗೋಷ್ಠಿ ಇಲ್ಲ. ಇದು ಸಂಘಟಕರ ಮೇಲಿನ ದೂರಲ್ಲ, ನಮ್ಮೆಲ್ಲರ ರೂಢಿಯೇ ಹಾಗೆ. ಕ್ರೋಮ್ ಪಟ್ಟಿಗಾಗಿ ಊರೂರು ಅಲೆದು, ಸೀಟಿನ ಬಟ್ಟೆಯ ಬಣ್ಣಕ್ಕಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ಮನುಷ್ಯ, ಕೊನೆಯ ದಿನ ಟೈರ್ ಅಂಗಡಿಗೆ ಹೋಗಿ, "ಹದಿನಾಲ್ಕು ಇಂಚಿಂದು ಯಾವುದಿದೆಯೋ ಅದು ಹಾಕಿಬಿಡಿ" ಅನ್ನುತ್ತಾನೆ. ಇವತ್ತಿನ ಆಶಯ ಭಾಷಣದ ಹೆಸರಿನಲ್ಲಿ ಆ ಒಂದು ವಾಕ್ಯದ ಜೊತೆ ಜಗಳ ಮಾಡಬೇಕೆಂದಿದ್ದೇನೆ.

ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೊಳ್ಳೋಣ. ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ 1964ರಲ್ಲಿ ಮುಂಬಯಿಯಲ್ಲಿ ತಯಾರಾಗತೊಡಗಿದ ಕಾರು ಇದು. ಎಪ್ಪತ್ತರ ದಶಕದಲ್ಲಿ ಪದ್ಮಿನಿಯಾಯಿತು. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ಟ್ಯಾಕ್ಸಿ ಸೇವೆಯಿಂದಲೂ ನಿವೃತ್ತಿಯಾಯಿತು. ಎಂಜಿನ್ 1,089 ಸಿಸಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಪವರ್ ಸ್ಟಿಯರಿಂಗ್ ಇಲ್ಲ. ಟೈರು 5.20-14, ಅಂದರೆ ಅಗಲ 5.2 ಇಂಚು, ಡಿಸ್ಕಿನ, ಎಂದರೆ ಟೈರು ಕೂರುವ ಲೋಹದ ಚಕ್ರದ, ವ್ಯಾಸ 14 ಇಂಚು. ಎತ್ತರದ ಲೆಕ್ಕ ಟೈರಿನ ಮೇಲೆ ಎಲ್ಲೂ ಇಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಏಕೆಂದರೆ ಆ ಕಾಲದ ಟೈರಿನ ಎತ್ತರ ಅದರ ಅಗಲಕ್ಕೆ ಹೆಚ್ಚುಕಡಿಮೆ ಸಮ. ನೆಲದಿಂದ ನೆತ್ತಿಯವರೆಗೆ ಅಳೆದರೆ ಸುಮಾರು 61 ಸೆಂ.ಮೀ.

ಈಗ ಅಂಗಡಿಯವನು ಸುಲಭವಾಗಿ ಕೊಡುವ 14 ಇಂಚಿನ ಟೈರುಗಳಲ್ಲಿ 155/65 ಆರ್14 ಒಂದು. ಇಲ್ಲಿ 155 ಮಿ.ಮೀ. ಅಗಲ, ಎತ್ತರ ಅದರ ಶೇ 65, ಅಂದರೆ ಸುಮಾರು 101 ಮಿ.ಮೀ. ಮೇಲೆ ಕೆಳಗೆ ಸೇರಿಸಿ ಡಿಸ್ಕಿನ 355.6 ಮಿ.ಮೀ. ಕೂಡಿದರೆ ಒಟ್ಟು 55.7 ಸೆಂ.ಮೀ. ಡಿಸ್ಕಿಗೆ ಲಕ್ಷಣವಾಗಿ ಕೂರುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಆದರೆ ಕಾರು ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಕುಸಿಯಿತು. ನಮ್ಮ ಊರುಗಳ ಹಂಪ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಪೀಡೊಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು, ರಸ್ತೆಯ ಉದ್ದವನ್ನಲ್ಲ. ಅದು 60 ತೋರಿಸುವಾಗ ಕಾರು ಓಡುತ್ತಿರುವುದು 55ರಲ್ಲಿ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಆ ಸಣ್ಣ ಎಂಜಿನ್ ಸುಮಾರು ಶೇ 10ರಷ್ಟು ಹೆಚ್ಚು ತಿರುಗಬೇಕು. ಐದನೇ ಗೇರ್ ಇಲ್ಲದ ಕಾರು ಅದು. ಬಿಸಿಯಾಗುತ್ತದೆ, ಕೂಗುತ್ತದೆ, ಎಣ್ಣೆ ಕುಡಿಯುತ್ತದೆ. ಮಾಲೀಕರು ಕಾರ್ಬ್ಯುರೇಟರ್ ಬಿಚ್ಚಿಸುತ್ತಾರೆ.

ಅದೇ 14 ಇಂಚಿನಲ್ಲಿ 155/80 ಹಾಕಿದರೆ 60.4 ಸೆಂ.ಮೀ. ಬರುತ್ತದೆ. ಮಾರುತಿ ಸ್ವಿಫ್ಟ್‌ಗೆ ಬರುತ್ತಿದ್ದ 165/80 ಆದರೆ 62. ಎರಡೂ ಮೂಲ ಅಳತೆಯ ಆಸುಪಾಸಿನಲ್ಲೇ ಇವೆ. ಇವೆರಡರಲ್ಲಿ ನನ್ನ ಓಟು ಕಿರಿದಾದ 155/80ಕ್ಕೆ. ಸಿಗದಿದ್ದರೆ 165/80 ಆಗಬಹುದು, ಆದರೆ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಎಲ್ಲೂ ಉಜ್ಜುವುದಿಲ್ಲ ಎಂದು ನೋಡಿದ ಮೇಲೆ.

ಇಲ್ಲಿ ಡಿಸ್ಕಿನ ಮಾತು ಬರುತ್ತದೆ. ಟೈರಿನ ವ್ಯಾಸ ಕೇಳುವವರು ಹತ್ತು ಜನ ಇದ್ದರೆ ಡಿಸ್ಕಿನ ಅಗಲ ಕೇಳುವವನು ಒಬ್ಬ. ಪ್ರತಿ ಟೈರಿಗೂ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಡಿಸ್ಕಿನ ಒಳಗಲ ನಿಗದಿಯಾಗಿರುತ್ತದೆ. 155/80 ಮತ್ತು 165/80ಕ್ಕೆ ಅದು 4ರಿಂದ 5.5 ಇಂಚು. 185/65ಕ್ಕೆ 5ರಿಂದ 6.5. 195/65ಕ್ಕೆ 5.5ರಿಂದ 7. ಆ ಕಾಲದ ಸಣ್ಣ ಕಾರುಗಳ ಡಿಸ್ಕುಗಳು ನಾಲ್ಕು ಇಂಚಿನ ಆಸುಪಾಸಿನವು. ಅಂಥ ಡಿಸ್ಕಿಗೆ 185 ತುರುಕಿದರೆ ಟೈರು ಬಾಯಿ ಬಿಗಿದ ಮೂಟೆಯಂತೆ ಉಬ್ಬುತ್ತದೆ. ನೆಲಕ್ಕೆ ತಾಗುವುದು ನಡುಭಾಗ ಮಾತ್ರ, ತಿರುವಿನಲ್ಲಿ ಪಕ್ಕೆ ಓಲಾಡುತ್ತದೆ. ದುಡ್ಡು ಕೊಟ್ಟದ್ದು ಅಗಲಕ್ಕೆ, ಸಿಕ್ಕಿದ್ದು ಅಲುಗಾಟ. ಅಂಬಾಸಿಡರ್‌ನಲ್ಲೂ ಇದೇ ಕಥೆ. ಅದರ 5.90-15ರ ಜಾಗಕ್ಕೆ 185/65 ಆರ್15 ಬಂದರೆ ವ್ಯಾಸ 62 ಸೆಂ.ಮೀ.ಗೆ ಇಳಿಯುತ್ತದೆ. 165/80 ಆರ್15 ಆದರೆ 64.5, ಮೂಲದ್ದು ಇದಕ್ಕಿಂತಲೂ ಒಂದಿಷ್ಟು ಎತ್ತರ. ಅಲಾಯ್ ಹಾಕಿಸುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಊಟದ ವೇಳೆಯಲ್ಲಿ ಹೇಳುತ್ತೇನೆ.

ಅಳತೆ ಸರಿಹೋಯಿತು ಎಂದಿಟ್ಟುಕೊಳ್ಳಿ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ: ಟೈರಿನ ಜಾತಿಯೇ ಬದಲಾಗಿದೆಯಲ್ಲ? ನಮ್ಮ ಅಂಗಡಿಗಳಲ್ಲಿ ನೈಲಾನ್ ಟೈರು ಎಂದು ಕರೆಯುವುದರಲ್ಲಿ ನೂಲಿನ ಪದರಗಳು ಒಂದಕ್ಕೊಂದು ಓರೆಯಾಗಿ ಹಾಯ್ದಿರುತ್ತವೆ. ಪಕ್ಕೆಯೂ ಮೇಲ್ಮೈಯೂ ಒಂದೇ ಹೆಣಿಗೆ. ತಿರುವಿನಲ್ಲಿ ಪಕ್ಕೆ ಬಾಗಿದರೆ ಮೇಲ್ಮೈಯೂ ಅದರ ಜೊತೆ ಬಾಗಿ ನೆಲ ಬಿಡುತ್ತದೆ. ರೇಡಿಯಲ್‌ನಲ್ಲಿ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಲಾಗಿರುತ್ತವೆ, ಮೇಲ್ಮೈ ಅಡಿಯಲ್ಲಿ ಉಕ್ಕಿನ ಪಟ್ಟಿ ಬಿಗಿದಿರುತ್ತದೆ. ಪಕ್ಕೆ ತನ್ನ ಪಾಡಿಗೆ ಬಾಗುತ್ತದೆ, ಮೇಲ್ಮೈ ನೆಲಕ್ಕೆ ಅಂಟಿಯೇ ಇರುತ್ತದೆ. ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಎಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಈ ರಚನೆ ಇವತ್ತು ಕಾರು ಲೋಕವನ್ನೆಲ್ಲ ಆಳುತ್ತಿದೆ.

ಹಾಗಾದರೆ ರೇಡಿಯಲ್ ಹಾಕಿದರೆ ಒಳ್ಳೆಯದೇ ತಾನೇ? ದಿನವೂ ಓಡಿಸುವ ಕಾರಿಗೆ ಬಹುಮಟ್ಟಿಗೆ ಹೌದು. ಹಿಡಿತ ಹೆಚ್ಚು, ಬಾಳಿಕೆ ಹೆಚ್ಚು, ರಸ್ತೆಯ ಗೀರುಗಳಿಗೆ ಕಾರು ಆಚೀಚೆ ಎಳೆದಾಡುವುದಿಲ್ಲ. ಆದರೆ ಹಳೆಯ ಟೈರು ಜಾರುವ ಮೊದಲು ಕೂಗಿ, ತೇಲಿ, ಎಚ್ಚರಿಸಿ ಜಾರುತ್ತಿತ್ತು. ರೇಡಿಯಲ್ ತಡವಾಗಿ ಜಾರುತ್ತದೆ, ಜಾರಿದಾಗ ಹೇಳದೆ ಜಾರುತ್ತದೆ. ಚಾರ್ಮಾಡಿಯ ಮಳೆಯಲ್ಲಿ ಹಳೆಯ ಅಂಬಾಸಿಡರ್ ಇಳಿಸುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಹಿಡಿತ ಹೆಚ್ಚಿದಷ್ಟೂ ತಿರುವಿನ ಭಾರವೆಲ್ಲ ಸ್ಟಿಯರಿಂಗ್ ಜಾಯಿಂಟು, ಬೇರಿಂಗು, ಬುಷ್‌ಗಳ ಮೇಲೆ ಬೀಳುತ್ತದೆ. ಅವು ಹೊಸದಾಗಿದ್ದಾಗಲೂ ಈ ಟೈರಿಗೆಂದು ಮಾಡಿದವಲ್ಲ. ಆದ್ದರಿಂದ ಟೈರು ಬದಲಿಸುವ ದಿನವೇ ಮುಂಭಾಗವನ್ನು ಜಾಕಿ ಎತ್ತಿ, ಚಕ್ರ ಅಲ್ಲಾಡಿಸಿ ನೋಡಬೇಕು. ಕೈಪಿಡಿಯಲ್ಲಿರುವ ಗಾಳಿಯ ಒತ್ತಡವೂ ನೈಲಾನ್ ಟೈರಿಗೆ ಬರೆದದ್ದು. ರೇಡಿಯಲ್‌ಗೆ ಅದು ಕಡಿಮೆಯಾಗುತ್ತದೆ.

ಎರಡು ಜಾತಿಯನ್ನು ಬೆರೆಸುವ ವಿಷಯದಲ್ಲಿ ಮಾತ್ರ ನಾನು ಚರ್ಚೆಗೆ ಸಿದ್ಧನಿಲ್ಲ. ಒಂದೇ ಆ್ಯಕ್ಸಲಿನಲ್ಲಿ ಒಂದು ನೈಲಾನ್, ಒಂದು ರೇಡಿಯಲ್ ಎಂದೂ ಬೇಡ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕಿದರೆ ಮೂತಿ ಹಿಡಿದುಕೊಳ್ಳುತ್ತದೆ, ಬಾಲ ಬಿಡುತ್ತದೆ, ಕಾರು ಗಿರ್ರನೆ ತಿರುಗುತ್ತದೆ. ಬ್ರಿಟನ್ನಿನಲ್ಲಿ ಈ ಜೋಡಣೆ ಕಾನೂನಿನಲ್ಲೇ ನಿಷಿದ್ಧ. ಸ್ಟೆಪ್ನಿಯನ್ನು ಮರೆಯುವುದರಿಂದಲೇ ಈ ತಪ್ಪು ನಡೆಯುವುದು ಹೆಚ್ಚು.

ಟ್ಯೂಬ್‌ಲೆಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇಂದಿನ ಡಿಸ್ಕಿನ ಒಳಗೆ ಟೈರಿನ ಅಂಚು ಜಾರದಂತೆ ಒಂದು ಸಣ್ಣ ಏರು ಇರುತ್ತದೆ. ಹಳೆಯ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೆರಳಾಡಿಸಿದರೆ ತಿಳಿಯುತ್ತದೆ. ಏರು ಇಲ್ಲದಿದ್ದರೆ, ಅಥವಾ ರಿವೆಟ್ ಹೊಡೆದ ಡಿಸ್ಕೋ ಕಡ್ಡಿ ಚಕ್ರವೋ ಆದರೆ, ರೇಡಿಯಲ್‌ಗೆ ತಕ್ಕ ಟ್ಯೂಬ್ ಹಾಕಲೇಬೇಕು.

ಪಕ್ಕೆಯ ಮೇಲಿನ ತಯಾರಿಕೆಯ ಸಂಖ್ಯೆಯನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರ. ನಾಲ್ಕರ ಬದಲು ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು. ಶೆಡ್ಡಿನಲ್ಲಿ ನಿಂತ ಕಾರಿನ ಟೈರಿಗೆ ಬಟನ್ ಪೂರ್ತಿ ಉಳಿದಿರುತ್ತದೆ, "ಓಡೇ ಇಲ್ಲ ಸಾರ್, ಹೊಸದರ ಹಾಗಿದೆ" ಎಂದು ಮಾರುತ್ತಾರೆ. ರಬ್ಬರು ಓಡದೆಯೂ ಮುದಿಯಾಗುತ್ತದೆ.

ಮೂಲ ರೂಪದ ಪರ ವಾದಿಸುವ ಮಿತ್ರರು ಇಲ್ಲಿದ್ದಾರೆ. ಕೇಂದ್ರದ 2021ರ ನಿಯಮ 50 ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನವನ್ನು ವಿಂಟೇಜ್ ಎಂದು ಗುರುತಿಸಿ ವಿಎ ಸರಣಿಯ ನಂಬರ್ ಕೊಡುತ್ತದೆ. ಆ ಪಟ್ಟಿಯಲ್ಲಿ ಟೈರಿನ ಹೆಸರಿಲ್ಲ. ಧರ್ಮಸ್ಥಳದ ಸಂಗ್ರಹದಂಥ ಕಡೆ ನಿಂತಿರುವ ಕಾರಿಗೆ ಆ ಕಾಲದ್ದೇ ಟೈರು ಶೋಭೆ. ಅಮೆರಿಕದ ಕೋಕರ್, ಇಟಲಿಯ ಪಿರೆಲ್ಲಿ, ಫ್ರಾನ್ಸಿನ ಮಿಶೆಲಿನ್ ಕಂಪನಿಗಳು ಹಳೆಯ ಅಳತೆಗಳನ್ನು ಇಂದಿಗೂ ಮಾಡುತ್ತವೆ, ತರಿಸುವ ಶಕ್ತಿ ಇದ್ದವರು ತರಿಸಲಿ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗುವ ಪದ್ಮಿನಿಯ ಮಾತೇ ಬೇರೆ.

ನನ್ನ ಕೋರಿಕೆ ಒಂದೇ. ನಮ್ಮ ರಸ್ತೆಗಳಲ್ಲಿ ಉಳಿದಿರುವ ಪ್ರತಿ ಹಳೆಯ ಮಾದರಿಗೂ ಡಿಸ್ಕಿನ ಒಳಗಲ, ಚಕ್ರದ ಉರುಳು ಅಳತೆ, ಮಡ್‌ಗಾರ್ಡಿನ ತೆರವು, ಹಿಂದಿನ ಆ್ಯಕ್ಸಲಿನ ಭಾರ ಇವನ್ನು ಅಳೆದ ಒಂದು ಪಟ್ಟಿ ಅಂಗಡಿಯವನ ಗೋಡೆಯ ಮೇಲೆ ಇರಬೇಕು. ಕೋಷ್ಟಕದಿಂದ ನಕಲು ಮಾಡಿದ್ದು ಬೇಡ. ಉರುಳು ಅಳತೆಗಾದರೆ, ಸರಿಯಾದ ಗಾಳಿ ತುಂಬಿ, ಚಾಲಕನನ್ನು ಕೂರಿಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಐದು ಸುತ್ತು ಉರುಳಿಸಿ, ದೂರವನ್ನು ಐದರಿಂದ ಭಾಗಿಸಿ. ಎರಡನೇ ವರ್ಷದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇದು. ಅಂಗಳದಲ್ಲಿ ನಿಂತಿರುವ ಕಾರುಗಳ ಮಾಲೀಕರು ಒಪ್ಪಿದರೆ ಮೊದಲ ಸಾಲುಗಳನ್ನು ಇವತ್ತು ಮಧ್ಯಾಹ್ನವೇ ತುಂಬಬಹುದು. ಟೇಪು, ಕ್ಯಾಲಿಪರ್ ಪ್ರಯೋಗಾಲಯದಿಂದ ತರಿಸಿ. ಜಾಕಿಯನ್ನು ಗ್ಯಾರೇಜಿನವರೇ ತಂದಿದ್ದಾರೆ.