ಸೈಕಲ್ಲಿನ ಹಿಂಚಕ್ರ ಮತ್ತು ಬೆಟ್ಟದ ಕಬ್ಬಿಣ



ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ಹಲವು ವರ್ಷ ಸೈಕಲ್ಲುಗಳು ದೊರೆತವು. ಅವುಗಳಲ್ಲಿ ಎಷ್ಟೋ ಸೈಕಲ್ಲುಗಳು ಕೊಟ್ಟಿಗೆಯ ಹಿಂದೆ ತುಕ್ಕು ಹಿಡಿದು ನಿಂತಿವೆ. ಕೇಳಿದರೆ, ‘ಹಿಂದಿನ ಚಕ್ರ ಹೋಯಿತು’ ಎಂಬ ಉತ್ತರ ಬರುತ್ತದೆ. ವಾಸ್ತವದಲ್ಲಿ ಚಕ್ರವು ಇಡಿಯಾಗಿ ಹೋಗುವುದು ಅಪರೂಪ. ಹೋಗುವುದು ಅದರ ಒಂದು ಸಣ್ಣ ಭಾಗ ಮಾತ್ರ.

ಅದು ಯಾವ ಭಾಗವೆಂಬುದನ್ನು ಚಕ್ರವೇ ತಿಳಿಸುತ್ತದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ರಿಮ್ ಹಿಡಿದು ಎಡಬಲಕ್ಕೆ ಅಲುಗಿಸಬೇಕು. ಹೊರಗಿನ ನಟ್ಟುಗಳು ಬಿಗಿಯಾಗಿದ್ದೂ ಚಕ್ರ ಅಲುಗಾಡಿದರೆ, ಹಬ್‌ನೊಳಗಿನ ಕೋನು ಸಡಿಲವಾಗಿದೆ ಇಲ್ಲವೇ ಬೇರಿಂಗ್ ಗುಂಡುಗಳು ಸವೆದಿವೆ. ಸಾಧಾರಣ ಸೈಕಲ್ಲಿನ ಹಿಂದಿನ ಹಬ್‌ನಲ್ಲಿ ಪ್ರತಿ ಪಕ್ಕಕ್ಕೆ ಕಾಲು ಅಂಗುಲದ 9 ಗುಂಡುಗಳಿರುತ್ತವೆ. ಒಂದು ಸವೆದಿದ್ದರೂ ಎಲ್ಲವನ್ನೂ ಬದಲಾಯಿಸತಕ್ಕದ್ದು. ಹಳೆಯವುಗಳ ನಡುವೆ ಒಂದು ಹೊಸ ಗುಂಡು ಸೇರಿದರೆ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಕೋನಿನ ಮೈಯಲ್ಲಿ ಗುಳಿ ಕಂಡರೆ ಅದನ್ನೂ ಬದಲಾಯಿಸಬೇಕು. ಬಳಿಕ ಗ್ರೀಸ್ ಹಚ್ಚಿ, ಚಕ್ರವು ಅಲುಗದೆ ಸರಾಗವಾಗಿ ತಿರುಗುವಷ್ಟೇ ಕೋನನ್ನು ಬಿಗಿದು, ಲಾಕ್‌ನಟ್ಟನ್ನು ಭದ್ರಪಡಿಸಬೇಕು.

ಪೆಡಲು ತುಳಿದಾಗ ಚೈನು ಓಡಿಯೂ ಚಕ್ರ ತಿರುಗದಿದ್ದರೆ ದೋಷವು ಫ್ರೀವ್ಹೀಲಿನದು. ಏರುದಾರಿಯಲ್ಲಿ ಹೀಗೆ ಜಾರಿದರೆ ಸವಾರ ಬೀಳುವುದುಂಟು. ಫ್ರೀವ್ಹೀಲಿನೊಳಗೆ ಹಲ್ಲಿಗೆ ಕಚ್ಚುವ ಪುಟ್ಟ ಉಕ್ಕಿನ ತುಂಡುಗಳೂ ಅವನ್ನು ಎತ್ತಿಹಿಡಿಯುವ ಸ್ಪ್ರಿಂಗುಗಳೂ ಇವೆ. ಮಳೆಗಾಲದ ಕೆಸರಿನಿಂದ ಇವು ಅಂಟಿಕೊಳ್ಳುತ್ತವೆ. ಮೊದಲು ಸೀಮೆಎಣ್ಣೆಯಿಂದ ತೊಳೆದು ತೆಳು ಎಣ್ಣೆ ಬಿಡಬೇಕು. ಇಲ್ಲಿ ದಪ್ಪ ಗ್ರೀಸ್ ಸಲ್ಲದು. ಆಗಲೂ ಜಾರಿದರೆ ಫ್ರೀವ್ಹೀಲನ್ನಷ್ಟೇ ಬದಲಾಯಿಸಿದರೆ ಸಾಕು. ಪೆಡಲು ತುಳಿದಂತೆಲ್ಲ ಅದು ಹಬ್‌ಗೆ ಬಿಗಿದುಕೊಂಡಿರುತ್ತದೆ. ಆದ್ದರಿಂದ ಸುತ್ತಿಗೆಯಿಂದ ಬಡಿಯದೆ, ಅದಕ್ಕೆಂದೇ ಇರುವ ಚಾವಿಯಿಂದ ಎಡಕ್ಕೆ ತಿರುಗಿಸಿ ಬಿಚ್ಚಬೇಕು.

ಚಕ್ರವು ಡೊಂಕಾಗಿ ಓಡಿದರೆ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು. ಹಳೆಯ ಮಾದರಿಯ ದೊಡ್ಡ ಸೈಕಲ್ಲಿನ ಮುಂಚಕ್ರಕ್ಕೆ 32 ಕಡ್ಡಿಗಳಾದರೆ, ಹೆಚ್ಚು ಭಾರ ಹೊರುವ ಹಿಂಚಕ್ರಕ್ಕೆ 40. ಕಡ್ಡಿ ಮುರಿಯುವುದು ಬಹುತೇಕ ಹಬ್‌ನ ಬಳಿಯ ಬಾಗಿನಲ್ಲಿ. ಮುರಿದ ಕಡ್ಡಿಯನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತರಬೇಕು. ಉದ್ದ ಹೆಚ್ಚಾದರೆ ತುದಿಯು ರಿಮ್ ದಾಟಿ ಟ್ಯೂಬನ್ನು ಚುಚ್ಚುತ್ತದೆ.

ಕುದುರೆಮುಖದ ಕಬ್ಬಿಣದ ಗಣಿಯು ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಯಲ್ಲಿ ನಿಂತಿತು. ಗಣಿಯ ಹೂಳು ಭದ್ರೆಯನ್ನು ಸೇರುತ್ತಿದ್ದುದನ್ನು ಕಂಡ ಜನ ಅದಕ್ಕಾಗಿ ದೀರ್ಘಕಾಲ ಹೋರಾಡಿದ್ದರು. ಗಣಿ ಬೇಡವೆಂದ ಮಲೆನಾಡು ಒಂದು ಗುಂಡಿನ ಸಲುವಾಗಿ ಇಡೀ ಚಕ್ರವನ್ನು ಗುಜರಿಗೆ ಹಾಕಿದರೆ, ಹೊಸ ಚಕ್ರದ ಕಬ್ಬಿಣಕ್ಕಾಗಿ ಬೇರೊಂದು ಊರಿನ ಬೆಟ್ಟ ಅಗೆಯಲ್ಪಡುತ್ತದೆ. ಪ್ರತಿ ಶಾಲೆಯಲ್ಲೂ ಒಂದು ಡಬ್ಬಿ ಇರಲಿ. ಅದರಲ್ಲಿ ಸ್ಪ್ಯಾನರುಗಳು, ಗುಂಡುಗಳು, ಕೋನುಗಳು, ಕೆಲವು ಕಡ್ಡಿಗಳು ಇರಲಿ. ಕೊಟ್ಟಿಗೆಯ ಹಿಂದಿನ ಸೈಕಲ್ಲು ಮತ್ತೆ ರಸ್ತೆಗೆ ಇಳಿಯಲು ಇಷ್ಟು ಸಾಕು.